ಮಲಗಿದ ಲ್ಯಾಪ್‌ಟಾಪ್ ಏಳದಿದ್ದರೆ ತಪ್ಪು ಯಾರದ್ದು? ಹಳೆ ಯಂತ್ರ, ಹೊಸ ಲಿನಕ್ಸ್ ಮತ್ತು ಡ್ರೈವರ್‌ನೊಳಗಿನ ತೇಪೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಸ್ತರಿತ ಭದ್ರತಾ ಅಪ್‌ಡೇಟಿಗೆ ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಗಡುವು ಉಂಟು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಇಂಟೆಲ್‌ನದ್ದಾದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದರಿಂದೀಚಿನದ್ದಾಗಿರಬೇಕು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ, ಅಡಿಕೆ ಮಂಡಿಯ ಲೆಕ್ಕದ ಮೇಜಿನ ಮೇಲೆ, ಝೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ದುಡಿಯುತ್ತಿರುವ 6ನೇ, 7ನೇ ತಲೆಮಾರಿನ ಯಂತ್ರಗಳು ಈ ಗೆರೆಯಿಂದ ಆಚೆ ಉಳಿದವು. ಅವುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಎಂಬ ಸಲಹೆ ಎಲ್ಲ ಕಡೆ ಕೇಳುತ್ತಿದೆ.

ಗೊಂದಲ ಶುರುವಾಗುವುದು ಆಮೇಲೆ. ಒಬ್ಬರು ‘ಹಳೆ ಲ್ಯಾಪ್‌ಟಾಪ್ ಹೊಸದರ ಹಾಗೆ ಓಡುತ್ತಿದೆ’ ಎನ್ನುತ್ತಾರೆ. ಅದೇ ಮಾಡೆಲ್ ಇಟ್ಟುಕೊಂಡ ಇನ್ನೊಬ್ಬರು ‘ಮುಚ್ಚಿಟ್ಟರೆ ಏಳುವುದೇ ಇಲ್ಲ, ವೈಫೈ ತಾನೇ ಹೋಗುತ್ತದೆ, ಬ್ಯಾಟರಿ ಬೆಳಗ್ಗೆಗೆ ಖಾಲಿ’ ಎನ್ನುತ್ತಾರೆ. ಇಬ್ಬರ ಮಾತೂ ನಿಜವೇ. ಮಾಡೆಲ್ ಹೆಸರು ಒಂದೇ ಇದ್ದರೂ ಒಳಗಿನ ಎಸ್‌ಎಸ್‌ಡಿ (ಫೈಲುಗಳಿರುವ ಡಿಸ್ಕ್), ವೈಫೈ ಕಾರ್ಡು, ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಆವೃತ್ತಿ ಬೇರೆಯಿರಬಹುದು. ಜಗಳ ಇರುವುದು ಆ ಬಿಡಿಭಾಗಗಳು ವಿದ್ಯುತ್ ಉಳಿಸಲು ‘ಮಲಗುವ’ ರೀತಿಯಲ್ಲಿ.

ಕರೆಂಟಿನ ದೋಷವೋ, ನಿದ್ದೆಯ ದೋಷವೋ

ಮಲೆನಾಡಿನಲ್ಲಿ ಕಂಪ್ಯೂಟರ್ ಕೆಟ್ಟರೆ ಮೊದಲ ಅನುಮಾನ ಕರೆಂಟಿನ ಮೇಲೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು, ಬಂದಾಗ ವೋಲ್ಟೇಜ್ ಏರಿಳಿಯುವುದು, ಸಿಡಿಲಿಗೆ ಮೋಡೆಮ್ ಸುಡುವುದು ಇಲ್ಲಿ ಹೊಸತಲ್ಲ. ಆದರೆ ಲ್ಯಾಪ್‌ಟಾಪ್ ಅಡಾಪ್ಟರುಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ಸಹಿಸುತ್ತವೆ, ಮೇಲಿಂದ ಬ್ಯಾಟರಿಯ ಆಸರೆಯೂ ಇರುತ್ತದೆ. ಸಂಜೆ ವೋಲ್ಟೇಜ್ 170ಕ್ಕೆ ಇಳಿಯಿತೆಂದು ಲ್ಯಾಪ್‌ಟಾಪ್ ಹ್ಯಾಂಗ್ ಆಗಬೇಕಿಲ್ಲ. ಇದನ್ನು ತಿಳಿಯದೆ ಸ್ಟೆಬಿಲೈಸರಿಗೆ, ಮದರ್‌ಬೋರ್ಡ್ ರಿಪೇರಿಗೆ ದುಡ್ಡು ಸುರಿಯುವವರಿದ್ದಾರೆ.

ಬೇರ್ಪಡಿಸಿ ನೋಡಲು ಒಂದು ಪ್ರಶ್ನೆ ಸಾಕು: ಯಂತ್ರ ಕೆಡುವುದು ಕೆಲಸದ ಹೊತ್ತಿನಲ್ಲೋ, ಸುಮ್ಮನಿರುವ ಹೊತ್ತಿನಲ್ಲೋ? ವಿಡಿಯೊ ಎಡಿಟ್ ಮಾಡುವಾಗ, ಫ್ಯಾನ್ ಜೋರಾಗಿ ತಿರುಗುವಾಗ ನಿಂತರೆ ಬಿಸಿ, ಧೂಳು, ಒಣಗಿದ ಥರ್ಮಲ್ ಪೇಸ್ಟ್ ಅಥವಾ ವಿದ್ಯುತ್ ಪೂರೈಕೆಯನ್ನು ಅನುಮಾನಿಸಿ. ಮುಟ್ಟದೆ ಹತ್ತು ನಿಮಿಷ ಬಿಟ್ಟಾಗ, ಮುಚ್ಚಳ ತೆರೆದಾಗ, ಅಥವಾ ಚಾರ್ಜರ್ ಕಿತ್ತ ಸ್ವಲ್ಪ ಹೊತ್ತಿಗೆ ಕೆಟ್ಟರೆ ವಿದ್ಯುತ್ ನಿರ್ವಹಣೆಯ ಬಗ್ ಎಂದು ಹುಡುಕಲು ಶುರುಮಾಡಬಹುದು. ಚಾರ್ಜರ್ ಇದ್ದಾಗ ಸರಿ, ತೆಗೆದರೆ ತೊಂದರೆ ಎಂಬ ಲಕ್ಷಣ ಮುಖ್ಯ. ಲಿನಕ್ಸಿನ ಟಿಎಲ್‌ಪಿಯಂಥ ವಿದ್ಯುತ್ ಉಳಿತಾಯದ ತಂತ್ರಾಂಶಗಳು ಬ್ಯಾಟರಿಗೆ ಬೇರೆ ನೀತಿ, ಚಾರ್ಜರಿಗೆ ಬೇರೆ ನೀತಿ ಹಾಕುತ್ತವೆ. ಬಿಗಿ ನೀತಿಯಡಿ ಮಾತ್ರ ಬಗ್ ಹೊರಬೀಳುತ್ತದೆ.

ಎಷ್ಟು ಬಗೆಯ ನಿದ್ದೆ

ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರ ಡಿಸೆಂಬರಿನಲ್ಲಿ ಆಪರೇಟಿಂಗ್ ಸಿಸ್ಟಮ್ ಯಂತ್ರದ ವಿದ್ಯುತ್ತನ್ನು ಹೇಗೆ ನಿರ್ವಹಿಸಬೇಕೆಂದು ಹೇಳುವ ಎಸಿಪಿಐ ಎಂಬ ಮಾನದಂಡ ಹೊರತಂದವು. ಇಡೀ ಯಂತ್ರದ ಸ್ಥಿತಿಗಳಿಗೆ ಎಸ್0 (ಪೂರ್ಣ ಎಚ್ಚರ), ಎಸ್3 (ನಿದ್ದೆ), ಎಸ್4 (ಎಲ್ಲವನ್ನೂ ಡಿಸ್ಕಿಗೆ ಬರೆದು ಆಫ್ ಆಗುವುದು) ಎಂಬ ಹೆಸರು ಬಂದದ್ದು ಅಲ್ಲಿಂದ. ಎಸ್3ಯಲ್ಲಿ ರ‍್ಯಾಮ್‌ಗಷ್ಟೇ ವಿದ್ಯುತ್, ಉಳಿದದ್ದೆಲ್ಲ ಬಂದ್. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್3ಯೇ ಇಲ್ಲ. ಫೋನಿನ ರೀತಿ ಯಂತ್ರ ಎಸ್0ಯಲ್ಲೇ ಇದ್ದುಕೊಂಡು ಒಂದೊಂದೇ ಭಾಗವನ್ನು ಮಲಗಿಸುವ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಅದರ ಜಾಗಕ್ಕೆ ಬಂದಿದೆ. ಇಲ್ಲಿ ಎಲ್ಲ ಭಾಗಗಳೂ ಒಪ್ಪಿ ಮಲಗಿದರೆ ಮಾತ್ರ ಉಳಿತಾಯ.

ಲೆಕ್ಕ ಹಾಕಿ ನೋಡಿ. 40 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪ್ ನಿದ್ದೆಯಲ್ಲಿ 0.4 ವ್ಯಾಟ್ ಎಳೆದರೆ 100 ಗಂಟೆ ತಾಳುತ್ತದೆ. ಒಂದು ಭಾಗ ಎಚ್ಚರವೇ ಉಳಿದು ಎಳೆತ 4 ವ್ಯಾಟಿಗೆ ಏರಿದರೆ 10 ಗಂಟೆ. ರಾತ್ರಿ ಒಂಬತ್ತಕ್ಕೆ ಮುಚ್ಚಿಟ್ಟದ್ದು ಬೆಳಗ್ಗೆ ಏಳಕ್ಕೆ ಸತ್ತಿರುತ್ತದೆ. ಆಗುಂಬೆ, ಹೊಸನಗರದ ಕಡೆ ಗಾಳಿಮಳೆಗೆ ಎರಡು ದಿನ ಕರೆಂಟಿಲ್ಲದೆ ಇನ್ವರ್ಟರೂ ಕೈಕೊಟ್ಟಾಗ ಈ ವ್ಯತ್ಯಾಸ ಕಾಗದದ ಮೇಲಿನದ್ದಾಗಿ ಉಳಿಯುವುದಿಲ್ಲ.

ಇಡೀ ಯಂತ್ರದ್ದಲ್ಲದೆ ಬಿಡಿಭಾಗಗಳಿಗೂ ಅವುಗಳದೇ ನಿದ್ದೆ ಇದೆ. ಬಿಡಿಭಾಗಗಳನ್ನು ಪ್ರೊಸೆಸರಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ತಂತಿಗೆ (ಲಿಂಕಿಗೆ) ಎಎಸ್‌ಪಿಎಂ ಎಂಬ ಉಳಿತಾಯ ಪದ್ಧತಿ, ಅದರಲ್ಲಿ ಎಲ್0ಎಸ್, ಎಲ್1, ಅದಕ್ಕೂ ಆಳದ ಎಲ್1.1, ಎಲ್1.2. ಆ ತಂತಿಗೆ ಜೋಡಿಸುವ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಗೆ ಎಪಿಎಸ್‌ಟಿ, ಅಂದರೆ ತಾನೇ ನಿದ್ದೆಯ ಹಂತಗಳಿಗೆ ಇಳಿಯುವ ಏರ್ಪಾಡು. ಯುಎಸ್‌ಬಿಗೆ ಆಟೋಸಸ್ಪೆಂಡ್. ಪ್ರೊಸೆಸರಿಗೆ ಸಿ-ಸ್ಟೇಟ್‌ಗಳು. ಇಂಥ ಅನೇಕ ಹಂತಗಳಿಗೆ ‘ಏಳಲು ಇಷ್ಟು ಮೈಕ್ರೋಸೆಕೆಂಡ್ ಬೇಕು’ ಎಂದು ಆಯಾ ಭಾಗ ತಾನೇ ಘೋಷಿಸುತ್ತದೆ. ಆಪರೇಟಿಂಗ್ ಸಿಸ್ಟಮ್ ಅದನ್ನು ನಂಬಿ ನಡೆಯುತ್ತದೆ. ಘೋಷಣೆ ಸುಳ್ಳಾದರೆ, ಅಥವಾ ಎದುರಿನ ಬೋರ್ಡು ಆ ಹಂತಕ್ಕೆ ಸರಿಹೊಂದದಿದ್ದರೆ, ಕೆಡುವುದು ಅಲ್ಲಿ.

ಮಾಯವಾಗುವ ಎಸ್‌ಎಸ್‌ಡಿ

ಇವುಗಳಲ್ಲಿ ಹೆಚ್ಚು ಹಾನಿ ಮಾಡುವುದು ಎಸ್‌ಎಸ್‌ಡಿಯ ಬಗ್. ಲಿನಕ್ಸಿನ ತಿರುಳಾದ ಕರ್ನಲ್‌ಗೆ ಎಪಿಎಸ್‌ಟಿ ಬಂದದ್ದು 2017ರಲ್ಲಿ, 4.11ನೇ ಆವೃತ್ತಿಯೊಂದಿಗೆ. ಎಸ್‌ಎಸ್‌ಡಿ ಕೆಲಸವಿಲ್ಲದೆ ಸ್ವಲ್ಪ ಹೊತ್ತು ಇದ್ದರೆ ತಾನೇ ಕೆಳಗಿನ ಹಂತಕ್ಕೆ ಇಳಿಯುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಗೆ ಒಳ್ಳೆಯ ಲಾಭ. ಜೊತೆಗೆ ದೂರುಗಳೂ ಬಂದವು. ಸ್ಯಾಮ್‌ಸಂಗ್‌ನ ಎಸ್‌ಎಂ951, ಪಿಎಂ951, 950 ಪ್ರೊ ಡ್ರೈವ್‌ಗಳು ಅತಿ ಆಳದ ಹಂತಕ್ಕೆ ಹೋದ ಮೇಲೆ ಇದ್ದಕ್ಕಿದ್ದಂತೆ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕದಿಂದಲೇ ಕಾಣೆಯಾಗುತ್ತಿದ್ದವು. ಹುಡುಕುತ್ತ ಹೋದರೆ ಇದು ಎರಡೇ ಲ್ಯಾಪ್‌ಟಾಪ್‌ಗಳಿಗೆ ಸೀಮಿತವಾದಂತೆ ಕಂಡಿತು: ಡೆಲ್ ಎಕ್ಸ್‌ಪಿಎಸ್ 15 9550 ಮತ್ತು ಪ್ರಿಸಿಷನ್ 5510. ಹಾಗಾಗಿ ಕರ್ನಲ್‌ನ ತೇಪೆ (ಬಿಡಿಭಾಗದ ದೋಷ ತಪ್ಪಿಸಲು ಸೇರಿಸಿದ ಕೋಡ್) ಎರಡನ್ನೂ ನೋಡುತ್ತದೆ. ಡ್ರೈವಿನ ಗುರುತು ಸಂಖ್ಯೆ ಹೊಂದಬೇಕು, ಲ್ಯಾಪ್‌ಟಾಪಿನ ಹೆಸರೂ ಹೊಂದಬೇಕು. ಆಗ ಮಾತ್ರ ಕೊನೆಯ ಒಂದು ಹಂತ ಬಂದ್, ಉಳಿದ ಹಂತಗಳು ಹಾಗೆಯೇ ಚಾಲೂ. ನನ್ನ ಮಟ್ಟಿಗೆ ಒಳ್ಳೆಯ ತೇಪೆ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಮಾದರಿ ಇಲ್ಲ.

ಬಳಕೆದಾರನಿಗೆ ಇದು ಕಾಣುವ ಬಗೆ ವಿಚಿತ್ರ. ಮೌಸ್ ಓಡಾಡುತ್ತದೆ, ತೆರೆದ ಕಿಟಕಿಗಳು ಕಾಣುತ್ತವೆ, ಆದರೆ ಯಾವ ಹೊಸ ಪ್ರೋಗ್ರಾಮೂ ತೆರೆಯುವುದಿಲ್ಲ. ಫೈಲ್ ಸೇವ್ ಮಾಡಿದರೆ ‘ಓದಲು ಮಾತ್ರ’ ಎಂಬ ದೋಷ. ಬಲವಂತವಾಗಿ ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಸರಿ. ಇನ್ನು ಲಾಗ್ ನೋಡೋಣವೆಂದರೆ ಅದರಲ್ಲೂ ಏನಿಲ್ಲ. ಇರುವುದಾದರೂ ಹೇಗೆ? ಲಾಗ್ ಬರೆಯಬೇಕಾದ ಡಿಸ್ಕೇ ಆ ಹೊತ್ತಿಗೆ ಹೋಗಿತ್ತು.

ಹಿಡಿಯುವ ಉಪಾಯವೆಂದರೆ ಮೊದಲೇ ಒಂದು ಟರ್ಮಿನಲ್ (ಆದೇಶ ಟೈಪಿಸುವ ಕಿಟಕಿ) ತೆರೆದು, ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೆಜ್ (dmesg) ಆದೇಶವನ್ನು ಫಾಲೋ ಆಯ್ಕೆಯಲ್ಲಿ ಓಡಲು ಬಿಡುವುದು. ದೋಷ ಬಂದ ಕ್ಷಣದ ಸಾಲುಗಳು ಪರದೆಯ ಮೇಲೆ ನಿಲ್ಲುತ್ತವೆ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ‘ಕಂಟ್ರೋಲರ್ ಡೌನ್’ ಎಂಬ ಸಾಲು, ಅದರೊಳಗೆ ಸಿಎಸ್‌ಟಿಎಸ್ (ಡ್ರೈವಿನ ಸ್ಥಿತಿ ಹೇಳುವ ಸಂಖ್ಯೆ) ಬೆಲೆಯಾಗಿ ಸಾಲಾಗಿ ಎಂಟು ‘ಎಫ್’ ಕಂಡರೆ ರೋಗ ಅದೇ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಉತ್ತರಿಸುವವರು ಯಾರೂ ಇಲ್ಲದಿದ್ದರೆ ಓದಿದ್ದೆಲ್ಲ ಒಂದುಗಳಾಗಿ ಬರುತ್ತದೆ, ಹೆಕ್ಸ್ (16ರ ಆಧಾರದ) ಬರಹದಲ್ಲಿ ಅದು ಎಫ್‌ಗಳ ಸಾಲು. ಈಚಿನ ಕರ್ನಲ್‌ಗಳು ಅದರ ಕೆಳಗೇ, ನಿಮ್ಮ ಡಿವೈಸಿನಲ್ಲಿ ದೋಷವಿರುವ ವಿದ್ಯುತ್ ಉಳಿತಾಯದ ಸ್ಥಿತಿ ಚಾಲೂ ಇದೆಯೇ ಎಂದು ಕೇಳಿ, ಯಂತ್ರ ಶುರುವಾಗುವಾಗ ಕರ್ನಲ್‌ಗೆ ಕೊಡುವ ಮೂರು ಬೂಟ್ ಆಯ್ಕೆಗಳನ್ನೂ ಸೂಚಿಸುತ್ತವೆ: ಎನ್‌ವಿಎಂಇ ಲೇಟೆನ್ಸಿ (ಏಳಲು ಬೇಕಾಗುವ ಸಮಯ) ಮಿತಿ ಸೊನ್ನೆ, ಎಎಸ್‌ಪಿಎಂ ಆಫ್, ಪಿಸಿಐಇ ಪೋರ್ಟಿನ ವಿದ್ಯುತ್ ನಿರ್ವಹಣೆ ಆಫ್.

ಮೂರನ್ನೂ ಹಾಗೇ ನಕಲು ಮಾಡಿ ಶಾಶ್ವತವಾಗಿ ಇಟ್ಟುಬಿಡುವುದು ರೂಢಿ. ರೋಗ ಖಚಿತಪಡಿಸಿಕೊಳ್ಳಲು ಅದು ಸರಿ, ಇಟ್ಟುಕೊಳ್ಳಲು ಅಲ್ಲ. ಲೇಟೆನ್ಸಿ ಮಿತಿಯ ಡೀಫಾಲ್ಟ್ ಬೆಲೆ 1,00,000 ಮೈಕ್ರೋಸೆಕೆಂಡ್. ಅಷ್ಟರೊಳಗೆ ಏಳಬಲ್ಲ ಹಂತಗಳನ್ನೆಲ್ಲ ಕರ್ನಲ್ ಬಳಸುತ್ತದೆ. ಎನ್‌ವಿಎಂಇ-ಸಿಎಲ್‌ಐ ಸಾಧನದಿಂದ ನಿಮ್ಮ ಡ್ರೈವಿನ ವಿವರ ತೆಗೆದರೆ ಪ್ರತಿ ಹಂತದ ಮುಂದೆ ಏಳುವ ಸಮಯ ಇರುತ್ತದೆ. ಮೂರನೇ ಹಂತಕ್ಕೆ 1200, ನಾಲ್ಕನೆಯದಕ್ಕೆ 8000 ಎಂದಿದ್ದರೆ, ಮಿತಿಯನ್ನು 5500ಕ್ಕೆ ಇಟ್ಟರೆ ಸಾಕು. ನಾಲ್ಕನೆಯದು ಮಾತ್ರ ಕೈಬಿಡುತ್ತದೆ, ಮೂರನೆಯದರ ಉಳಿತಾಯ ಉಳಿಯುತ್ತದೆ. ಸೊನ್ನೆ ಇಟ್ಟರೆ ಎಲ್ಲವೂ ಹೋಗುತ್ತದೆ, ಎಸ್‌ಎಸ್‌ಡಿ ಬಿಸಿಯಾಗಿಯೇ ಇರುತ್ತದೆ.

ಎಎಸ್‌ಪಿಎಂ ಆಫ್ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆ ಇದೆ. ಹೆಸರು ನೋಡಿ ಎಎಸ್‌ಪಿಎಂ ಬಂದ್ ಆಯಿತು ಅಂದುಕೊಳ್ಳುತ್ತಾರೆ. ಆದರೆ ಕರ್ನಲ್ ದಾಖಲೆಯ ಪ್ರಕಾರ ಅದರ ಅರ್ಥ ‘ಕರ್ನಲ್ ಎಎಸ್‌ಪಿಎಂ ತಂಟೆಗೆ ಹೋಗುವುದಿಲ್ಲ’ ಎಂದಷ್ಟೆ. ಬಯೋಸ್ ಮೊದಲೇ ಎಲ್1 ಚಾಲೂ ಮಾಡಿದ್ದರೆ ಅದು ಹಾಗೇ ಉಳಿಯುತ್ತದೆ. ನಿಜವಾಗಿ ಬಂದ್ ಮಾಡಲು ಎಎಸ್‌ಪಿಎಂ ನೀತಿಯನ್ನು ‘ಪರ್ಫಾರ್ಮೆನ್ಸ್’ಗೆ ಬದಲಿಸಬೇಕು. ಅದಕ್ಕಿಂತ ಒಳ್ಳೆಯದು, ಕರ್ನಲ್ ತನ್ನ ಸೆಟ್ಟಿಂಗುಗಳನ್ನು ಫೈಲುಗಳ ರೂಪದಲ್ಲಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಆ ಒಂದು ಡಿವೈಸಿನ ‘ಲಿಂಕ್’ ಫೋಲ್ಡರ್ ಹುಡುಕಿ, ಎಲ್1ಗೆ ಸಂಬಂಧಿಸಿದ ಫೈಲಿಗೆ ಸೊನ್ನೆ ಬರೆಯುವುದು. ಆಗ ಉಳಿದ ತಂತಿಗಳೆಲ್ಲ ಎಂದಿನಂತೆ ಮಲಗುತ್ತವೆ.

ಲಿನಕ್ಸ್ ತಾನು ವಿಂಡೋಸ್ ಎನ್ನುವುದೇಕೆ

ಬಯೋಸ್‌ನಲ್ಲಿರುವ ಎಸಿಪಿಐ ಕೋಡ್ ‘ನೀನು ಯಾವ ಆಪರೇಟಿಂಗ್ ಸಿಸ್ಟಮ್?’ ಎಂದು ವಿಚಾರಿಸಬಲ್ಲದು. ‘ವಿಂಡೋಸ್‌ನ ಈ ಆವೃತ್ತಿಯೇ?’ ಎಂದರೆ ಲಿನಕ್ಸ್ ಹೌದು ಎನ್ನುತ್ತದೆ, ‘ಲಿನಕ್ಸ್ ಹೌದೇ?’ ಎಂದರೆ ಡೀಫಾಲ್ಟ್ ಆಗಿ ಅಲ್ಲ ಎನ್ನುತ್ತದೆ! ನಗು ಬರುವ ಸಂಗತಿಯಾದರೂ ಕಾರಣ ಗಟ್ಟಿ. ಲ್ಯಾಪ್‌ಟಾಪ್ ತಯಾರಕರು ಪರೀಕ್ಷಿಸಿ ನೋಡುವುದು ಸಾಮಾನ್ಯವಾಗಿ ವಿಂಡೋಸ್ ದಾರಿಯನ್ನು. ಬೇರೆ ಉತ್ತರ ಕೊಟ್ಟರೆ ಯಾರೂ ಓಡಿಸಿ ನೋಡದ ಕೋಡಿಗೆ ಹೋಗಿ ಬೀಳಬೇಕಾಗುತ್ತದೆ.

ಎಎಸ್‌ಪಿಎಂ ವಿಚಾರದಲ್ಲೂ ಇದೇ ನಡೆಯಿತು. 2011ರ 2.6.38 ಕರ್ನಲ್ ಬಂದ ಮೇಲೆ ಕೆಲವು ಲ್ಯಾಪ್‌ಟಾಪ್‌ಗಳ ಬ್ಯಾಟರಿ ಬೇಗ ಇಳಿಯುತ್ತಿದೆ ಎಂಬ ದೂರು ಎದ್ದಿತು. ಎಎಸ್‌ಪಿಎಂ ಬೇಡ ಎಂದು ಬಯೋಸ್ ಹೇಳಿದಾಗ ಕರ್ನಲ್ ಅದನ್ನು ಎಲ್ಲ ಕಡೆ ಅಳಿಸುತ್ತಿತ್ತು. ಅಂಥ ಸಂದರ್ಭದಲ್ಲಿ ವಿಂಡೋಸ್ ಹೇಗೆ ವರ್ತಿಸುತ್ತದೆಂದು ಕರ್ನಲ್ ಡೆವಲಪರ್ ಮ್ಯಾಥ್ಯೂ ಗ್ಯಾರೆಟ್ ಪತ್ತೆಹಚ್ಚಿ, ಅದನ್ನೇ ಅನುಸರಿಸುವ ಬದಲಾವಣೆ ಬರೆದರು. ಅದು 2012ರ 3.3 ಆವೃತ್ತಿಗೆ ಸೇರಿತು. ಮಾನದಂಡದ ಪುಸ್ತಕಕ್ಕಿಂತ ವಿಂಡೋಸ್‌ನ ನಡವಳಿಕೆಯೇ ಮಾನದಂಡವಾಗಿಬಿಟ್ಟಿದೆ ಎಂಬುದು ಇದರಿಂದ ತಿಳಿಯುತ್ತದೆ.

ಸರಿಪಡಿಸಬೇಕಾದವರು ಯಾರು

ಒಂದು ವಾದ: ದೋಷ ಯಂತ್ರಾಂಶದ್ದು, ಆದ್ದರಿಂದ ತಯಾರಕರು ಫರ್ಮ್‌ವೇರ್ (ಯಂತ್ರಾಂಶದೊಳಗೇ ಇರುವ ತಂತ್ರಾಂಶ) ತಿದ್ದಬೇಕು. ಆ ಭಾಗವನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ದೋಷವನ್ನು ಮುಚ್ಚಿಹಾಕುತ್ತ ಹೋದರೆ ಅವರಿಗೆ ತಿದ್ದುವ ಒತ್ತಡವೇ ಇರುವುದಿಲ್ಲ. ವಾದದಲ್ಲಿ ಹುರುಳಿದೆ, ಆದರೆ ಎಂಟು ವರ್ಷದ ಲ್ಯಾಪ್‌ಟಾಪಿಗೆ ಹೊಸ ಬಯೋಸ್ ಬರುವ ಸಂಭವ ಕಡಿಮೆ. ಎಸ್‌ಎಸ್‌ಡಿ ಫರ್ಮ್‌ವೇರ್ ಬಂದರೂ ಹಲವು ಸಲ ಅದನ್ನು ಹಾಕುವ ಸಾಧನ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ಲಿನಕ್ಸಿನಲ್ಲಿ ಫರ್ಮ್‌ವೇರ್ ಏರಿಸುವ ಎಫ್‌ಡಬ್ಲ್ಯುಯುಪಿಡಿ (fwupd) ಎಂಬ ಸಾಧನದ ಮೂಲಕ ಕೆಲವು ತಯಾರಕರು ಕೊಡುತ್ತಾರೆ, ಎಲ್ಲರೂ ಅಲ್ಲ. ಹಾಗಾಗಿ ವಿಂಡೋಸ್ 10 ಅಳಿಸುವ ಮೊದಲು ಅದರಲ್ಲೇ ಬಯೋಸ್ ಮತ್ತು ಎಸ್‌ಎಸ್‌ಡಿ ಫರ್ಮ್‌ವೇರ್ ಎರಡನ್ನೂ ಕೊನೆಯ ಆವೃತ್ತಿಗೆ ಏರಿಸಿಕೊಳ್ಳಿ. ಬ್ಯಾಟರಿ ತುಂಬಿರಲಿ, ಚಾರ್ಜರ್ ಸಿಕ್ಕಿಸಿರಲಿ. ಗುಡುಗು ಸಿಡಿಲಿನ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ.

ಎರಡನೇ ವಾದ: ಮಾಡೆಲ್ ನೋಡಿ ತೇಪೆ ಹಾಕುವುದೇ ಡ್ರೈವರ್ ಬರೆಯುವವರ ಕೆಲಸ. ಲಿನಕ್ಸ್ ಕರ್ನಲ್‌ನಲ್ಲಿ ಪಿಸಿಐಗೆ, ಯುಎಸ್‌ಬಿಗೆ, ಎನ್‌ವಿಎಂಇಗೆ ಇಂಥ ‘ಕ್ವರ್ಕ್’ ಪಟ್ಟಿಗಳು ಬೇರೆಬೇರೆ ಇವೆ. ಆದರೆ ಪಟ್ಟಿಗೆ ಹೆಸರು ಸೇರುವುದು ಯಾರೋ ಒಬ್ಬರು ದೂರು ಕೊಟ್ಟ ಮೇಲೆ. ಅಷ್ಟು ಹೊತ್ತಿಗೆ ಒಂದಿಷ್ಟು ಜನರ ಫೈಲುಗಳು ಹೋಗಿರುತ್ತವೆ.

ಮೂರನೆಯದು: ಪರೀಕ್ಷೆಯಾಗದ ಎಲ್ಲೆಡೆ ಉಳಿತಾಯವನ್ನೇ ಬಂದ್ ಮಾಡಿ. ಇದರ ಬೆಲೆ ರಿಯಲ್‌ಟೆಕ್‌ನ ಗಿಗಾಬಿಟ್ ಎತರ್ನೆಟ್ ಚಿಪ್‌ನಲ್ಲಿ ಕಾಣಬಹುದು. ಎಎಸ್‌ಪಿಎಂ ಚಾಲೂ ಮಾಡಿದಾಗ ಕೆಲವು ಯಂತ್ರಗಳಲ್ಲಿ ನೆಟ್ ವೇಗ ಕುಸಿಯಿತೆಂಬ ದೂರು ಬಂದು, 2019ರಲ್ಲಿ ಆರ್8169 ಡ್ರೈವರ್ ಅದನ್ನು ಮತ್ತೆ ಬಂದ್ ಮಾಡಿತು. ನೆಟ್ ಉಳಿಯಿತು, ಬ್ಯಾಟರಿ ಸೋತಿತು. ತಂತಿ ಎಚ್ಚರವಿರುವಷ್ಟು ಹೊತ್ತು ಪ್ರೊಸೆಸರ್ ಪ್ಯಾಕೇಜೂ ತನ್ನ ಆಳದ ಹಂತಕ್ಕೆ ಇಳಿಯುವಂತಿಲ್ಲ. ಒಬ್ಬರು ಓದುತ್ತ ಕೂತಿದ್ದರೆ ನಡುಮನೆಯ ದೀಪ ಆರಿಸಲಾಗದ ಹಾಗೆ. ಚಿಕ್ಕ ಚಿಪ್ಪಿನ ಪಾಲು ಅರ್ಧ ವ್ಯಾಟ್ ಇರಬಹುದು, ಅದು ತಡೆಹಿಡಿಯುವ ಉಳಿತಾಯ ಅದರ ಹಲವು ಪಟ್ಟು.

ಸಂಗ್ರಹಕ್ಕೂ ನೆಟ್‌ವರ್ಕಿಗೂ ಒಂದೇ ನಿಯಮ ಹಾಕುವುದು ತಪ್ಪೆಂದು ನನಗನಿಸುತ್ತದೆ. ಎಸ್‌ಎಸ್‌ಡಿಯಲ್ಲಿ ಅನುಮಾನ ಬಂದರೆ ಆಳದ ಹಂತವನ್ನು ತಕ್ಷಣ ಬಿಡಬೇಕು, ಹೋಗುವುದು ಫೈಲು. ವೈಫೈ ಕಾರ್ಡಿನಲ್ಲಿ ಸ್ವಲ್ಪ ತಾಳಿ ಪ್ರಯೋಗ ಮಾಡಬಹುದು, ಹೋಗುವುದು ಎರಡು ನಿಮಿಷದ ನೆಟ್.

ಕೈಹಾಕುವ ಕ್ರಮ

ಮೊದಲು ಬದಲಾವಣೆಯನ್ನು ಒಂದು ಬೂಟಿಗಷ್ಟೇ ಮಾಡಿ. ಯಂತ್ರ ಶುರುವಾಗುವಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್‌ನ ಮೆನು ಬಂದಾಗ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಆಯ್ಕೆಯನ್ನು ಸೇರಿಸಿ, ಎಫ್10 ಒತ್ತಿದರೆ ಅದರೊಂದಿಗೆ ಯಂತ್ರ ಏಳುತ್ತದೆ. ಕೆಟ್ಟರೆ ರೀಸ್ಟಾರ್ಟ್ ಸಾಕು, ಹಳೆಯದೇ ಬರುತ್ತದೆ. ಎರಡು ಮೂರು ದಿನ ಸರಿಯಾಗಿ ನಡೆದ ಮೇಲೆ ಮಾತ್ರ ಗ್ರಬ್‌ನ ಡೀಫಾಲ್ಟ್ ಫೈಲಿಗೆ ಬರೆದು ಅಪ್‌ಡೇಟ್-ಗ್ರಬ್ ಓಡಿಸಿ. ಒಮ್ಮೆಗೆ ಒಂದೇ ಬದಲಾವಣೆ. ನಾಲ್ಕು ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದೇ ಇಲ್ಲ.

ವೈಫೈ ಕಡಿದು ಹೋಗುತ್ತಿದ್ದರೆ ಕರ್ನಲ್ ಆಯ್ಕೆಗೆ ಹೋಗುವ ಮುನ್ನ ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನ ವೈಫೈ ಪವರ್‌ಸೇವ್ ಬೆಲೆ ನೋಡಿ. ಲಿನಕ್ಸಿನ ಡಿಸ್ಟ್ರೋಗಳಲ್ಲಿ (ಸಿದ್ಧ ರೂಪಗಳಲ್ಲಿ) ಒಂದಾದ ಉಬುಂಟುವಿನಲ್ಲಿ ಅದು 3, ಅಂದರೆ ಉಳಿತಾಯ ಚಾಲೂ. 2 ಎಂದು ಬರೆದು ಸೇವೆಯನ್ನು ರೀಸ್ಟಾರ್ಟ್ ಮಾಡಿದರೆ ಬಂದ್. ಅಷ್ಟಕ್ಕೆ ನಿಲ್ಲದಿದ್ದರೆ, ರಿಯಲ್‌ಟೆಕ್ ಕಾರ್ಡುಗಳ ಆರ್‌ಟಿಡಬ್ಲ್ಯು88 ಡ್ರೈವರಿನಲ್ಲಿ ಆಳದ ಉಳಿತಾಯವನ್ನೂ ಎಎಸ್‌ಪಿಎಂ ಅನ್ನೂ ಪ್ರತ್ಯೇಕವಾಗಿ ಬಂದ್ ಮಾಡುವ ಆಯ್ಕೆಗಳಿವೆ. ಮನೆ ಮೂಲೆಯಲ್ಲಿ ಸಿಗ್ನಲ್ಲೇ ದುರ್ಬಲವಾಗಿದ್ದರೆ ಇವು ಯಾವುವೂ ಉಪಯೋಗಕ್ಕೆ ಬರುವುದಿಲ್ಲ. ರೂಟರ್ ಪಕ್ಕ ಕೂತು ಪರೀಕ್ಷಿಸಿ.

ಯುಎಸ್‌ಬಿ ಡಾಂಗಲ್, ಬೆರಳಚ್ಚು ಸ್ಕ್ಯಾನರ್ ಆಗಾಗ ಸತ್ತಂತಾದರೆ ಆಟೋಸಸ್ಪೆಂಡ್ ಅನುಮಾನಿಸಿ. ಅದರ ಡೀಫಾಲ್ಟ್ ಕಾಯುವಿಕೆ 2 ಸೆಕೆಂಡ್. ಇಡೀ ಯುಎಸ್‌ಬಿಗೆ ಬಂದ್ ಮಾಡುವ ಬದಲು ಟಿಎಲ್‌ಪಿಯ ಯುಎಸ್‌ಬಿ ನಿಷೇಧ ಪಟ್ಟಿಗೆ ಆ ಒಂದು ಡಿವೈಸಿನ ಗುರುತು ಸಂಖ್ಯೆ ಸೇರಿಸಿ.

ನಿದ್ದೆಯಿಂದ ಏಳದ ಯಂತ್ರದಲ್ಲಿ ಸಿಸ್‌ಎಫ್‌ಎಸ್‌ನ ‘ಮೆಮ್‌ಸ್ಲೀಪ್’ (mem_sleep) ಫೈಲು ತೆರೆದು ನೋಡಿ. ‘ಡೀಪ್’ ಎಂಬುದೂ ಅಲ್ಲಿದ್ದರೆ ಎಸ್3 ಲಭ್ಯ, ಆವರಣ ಚಿಹ್ನೆಯೊಳಗೆ ಇರುವುದು ಈಗ ಬಳಕೆಯಲ್ಲಿರುವುದು. ಒಂದು ಕೆಟ್ಟರೆ ಇನ್ನೊಂದನ್ನು ಪ್ರಯತ್ನಿಸಬಹುದು. ಇಂಟೆಲ್‌ನ ಹಳೆ ಅಗ್ಗದ ಬೇ ಟ್ರೇಲ್ ಚಿಪ್ಪಿನ ಯಂತ್ರ ಸುಮ್ಮನಿದ್ದಾಗ ಕಲ್ಲಾಗಿಬಿಟ್ಟರೆ ಇಂಟೆಲ್ ಐಡಲ್ ಡ್ರೈವರಿನ ಗರಿಷ್ಠ ಸಿ-ಸ್ಟೇಟನ್ನು 1ಕ್ಕೆ ಇಳಿಸುವುದು ಹೆಸರುವಾಸಿಯಾದ ಮದ್ದು, ಬ್ಯಾಟರಿ ತೆರಿಗೆ ಕಟ್ಟಬೇಕಷ್ಟೆ. ಎಎಂಡಿಯ ಮೊದಲ ತಲೆಮಾರಿನ ರೈಝೆನ್ ಪ್ರೊಸೆಸರಿನ ಡೆಸ್ಕ್‌ಟಾಪ್‌ಗಳು ಹೀಗೆಯೇ ನಿಂತರೆ ಬಯೋಸ್‌ನಲ್ಲೇ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಎಂಬಲ್ಲಿ ‘ಟಿಪಿಕಲ್ ಕರೆಂಟ್ ಐಡಲ್’ ಆರಿಸಬೇಕು.

ವಿಂಡೋಸಿನಲ್ಲೇ ಉಳಿದವರಿಗೂ ಇದೇ ರೋಗ ಬರುತ್ತದೆ, ಗುಂಡಿಗಳಷ್ಟೇ ಬೇರೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಭಾಗದ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ತೆರೆದು, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯುವುದು ಇದರದೇ ಇನ್ನೊಂದು ರೂಪ. ಪವರ್ ಪ್ಲಾನಿನ ಲಿಂಕ್ ಸ್ಟೇಟ್ ಆಯ್ಕೆಯೇ ಅಲ್ಲಿ ಎಎಸ್‌ಪಿಎಂ. ರಾತ್ರಿ ಯಾವ ಭಾಗ ಎಚ್ಚರವಿತ್ತೆಂದು ಮಾಡರ್ನ್ ಸ್ಟ್ಯಾಂಡ್‌ಬೈ ಯಂತ್ರಗಳಲ್ಲಿ ಪವರ್‌ಸಿಎಫ್‌ಜಿ (powercfg) ಆದೇಶದ ಸ್ಲೀಪ್‌ಸ್ಟಡಿ ವರದಿ ತೋರಿಸುತ್ತದೆ.

ತೇಪೆ ಹಳತಾದಾಗ

ಬೂಟ್ ಸಾಲಿಗೆ ಸೇರಿಸಿದ ಆಯ್ಕೆ ಕರ್ನಲ್ ಎಷ್ಟು ಸಲ ಅಪ್‌ಡೇಟ್ ಆದರೂ ಅಲ್ಲೇ ಇರುತ್ತದೆ. ಈ ನಡುವೆ ನಿಮ್ಮ ಡ್ರೈವಿನ ಹೆಸರು ಅಧಿಕೃತ ಪಟ್ಟಿಗೆ ಸೇರಿ ದೋಷ ತಾನೇ ಹೋಗಿದ್ದರೂ ನೀವು ಹಾಕಿದ ಆಯ್ಕೆ ಬ್ಯಾಟರಿ ತಿನ್ನುತ್ತಲೇ ಇರುತ್ತದೆ. ಸೇರಿಸಿದ ದಿನ, ಕಾರಣ, ಆಗಿನ ಕರ್ನಲ್ ಆವೃತ್ತಿಯನ್ನು ಗ್ರಬ್ ಫೈಲಿನಲ್ಲೇ ಹ್ಯಾಷ್ ಚಿಹ್ನೆ ಹಾಕಿ ಒಂದು ಸಾಲಿನಲ್ಲಿ ಬರೆದಿಡಿ.

ಪಟ್ಟಿಗೆ ಹೆಸರು ಸೇರಬೇಕಾದರೆ ದೂರು ಹೋಗಬೇಕು. ಅದರಲ್ಲಿ ‘ಹ್ಯಾಂಗ್ ಆಗುತ್ತದೆ’ ಎಂದಷ್ಟೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಎಲ್‌ಎಸ್‌ಪಿಸಿಐ (lspci) ಆದೇಶ ತೋರಿಸುವ ತಯಾರಕ ಮತ್ತು ಡಿವೈಸ್ ಸಂಖ್ಯೆ, ಲ್ಯಾಪ್‌ಟಾಪ್ ಮಾಡೆಲ್, ಬಯೋಸ್ ಆವೃತ್ತಿ ಮತ್ತು ದಿನಾಂಕ, ಎಸ್‌ಎಸ್‌ಡಿ ಫರ್ಮ್‌ವೇರ್ ಆವೃತ್ತಿ, ಕರ್ನಲ್ ಆವೃತ್ತಿ, ದೋಷದ ಸಾಲುಗಳ ಫೋಟೊ, ಯಾವ ಒಂದು ಆಯ್ಕೆಯಿಂದ ನಿಂತಿತು ಎಂಬುದು: ಇಷ್ಟಿದ್ದರೆ ತೇಪೆ ಬರೆಯುವವರಿಗೆ ಅರ್ಧ ಕೆಲಸ ಮುಗಿದಂತೆ. ಮೊದಲು ಡಿಸ್ಟ್ರೋದವರಿಗೆ ಕಳಿಸಿ, ಈಚಿನ ಕರ್ನಲ್‌ನಲ್ಲೂ ದೋಷ ಇದ್ದರೆ ಮೂಲ ಕರ್ನಲ್ ತಂಡಕ್ಕೆ.

ಕರ್ನಲ್‌ನ ಹೊಸ ಆವೃತ್ತಿ ಬಂದಾಗ ಮತ್ತೆ ಗ್ರಬ್‌ನಲ್ಲಿ ‘ಇ’ ಒತ್ತಿ, ಈ ಸಲ ಆಯ್ಕೆಯನ್ನು ಅಳಿಸಿ ಬೂಟ್ ಮಾಡಿ. ಬ್ಯಾಕಪ್ ತೆಗೆದುಕೊಂಡು, ತೆರೆದ ಫೈಲುಗಳಿಲ್ಲದೆ, ಸ್ಲೀಪ್‌ಗೆ ಹೋಗದಂತೆ ಮಾಡಿ, ಡಿಮೆಸೆಜ್ ಟರ್ಮಿನಲ್ ತೆರೆದಿಟ್ಟು ಒಂದು ರಾತ್ರಿ ಸುಮ್ಮನೆ ಬಿಡಿ. ಚಾರ್ಜರಿನ ಮೇಲೆ ಒಮ್ಮೆ, ಬ್ಯಾಟರಿಯ ಮೇಲೆ ಕೆಲವು ಗಂಟೆ ಇನ್ನೊಮ್ಮೆ. ಎರಡರಲ್ಲೂ ಎಫ್‌ಗಳ ಸಾಲು ಕಾಣದಿದ್ದರೆ ಡೀಫಾಲ್ಟ್ ಫೈಲಿನಿಂದಲೂ ಆಯ್ಕೆಯನ್ನು ತೆಗೆದುಬಿಡಬಹುದು.